ಕೆಮ್ಮಣ್ಣಿನ ಹಾವು

ಹಲಸಿ ಕಡೆಯ ಒಂದು ಶಾಲೆಯಲ್ಲಿ ವಾರಕ್ಕೆ ಆರು ದಿನ ಗಂಟೆ ಬಾರಿಸುವ ಸೋಮಲಿಂಗ ಭಾನುವಾರ ಮಾತ್ರ ದೊಡ್ಡ ವೈದ್ಯ. ಆ ಸೋಮಲಿಂಗ ನಾನೇ. ಸರ್ಪಸುತ್ತಿಗೆ ಮಣ್ಣು ಹಚ್ಚುವ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಕುರಿಯನ್ನೂ ವಿದ್ಯೆಯನ್ನೂ ಬಿಟ್ಟುಹೋದ. ಕುರಿ ಮಾರಿದೆ, ವಿದ್ಯೆಯನ್ನು ಯಾರೂ ಕೊಳ್ಳಲಿಲ್ಲ, ಹಾಗಾಗಿ ಇಟ್ಟುಕೊಂಡೆ.

ವಿದ್ಯೆ ಅಂದರೆ ಇಷ್ಟೇ. ಹೊತ್ತು ಹುಟ್ಟುವ ಮೊದಲು ಬರಿಗಾಲಲ್ಲಿ ಗುಡಿ ಹಿಂದಿನ ತಗ್ಗಿಗೆ ಹೋಗಿ ಕೆಮ್ಮಣ್ಣು ತರಬೇಕು, ಕಲಸಿ ಗುಳ್ಳೆಗಳ ಸುತ್ತ ಹಾವಿನ ಚಿತ್ರ ಬರೆಯಬೇಕು. ಆಮೇಲೆ, ಹಾವಿನ ತಲೆ-ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಎಚ್ಚರಿಸಬೇಕು. ಅದನ್ನು ಹೇಳುವಾಗ ನನ್ನ ಧ್ವನಿ ತಾನಾಗಿಯೇ ದಪ್ಪಗಾಗುತ್ತಿತ್ತು. ಶಾಲೆಯಲ್ಲಿ ಹುಡುಗರ ಮುಂದೆ ಎಂದೂ ಹಾಗಾದದ್ದಿಲ್ಲ.

ಈ ಮಳೆಗಾಲದಲ್ಲಿ ನಮ್ಮ ಓಣಿಯ ರೇಣವ್ವ ಸೊಸೆ ಪ್ರಮಿಳಾಳನ್ನು ಕರೆತಂದಳು. ಪಾದದ ಮೇಲೆ ನಾಲ್ಕು ಗುಳ್ಳೆ. ಮಣ್ಣು ಬಳಿದು ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಖರೇನೇ ಒಂದು ಕೆಂಪು ಗೆರೆ ಎದ್ದು, ದಿನಕ್ಕಿಷ್ಟು ಸೊಟ್ಟಸೊಟ್ಟಗೆ ಸರಿಯತೊಡಗಿತು. ನಾನು ಹಿಗ್ಗಿದೆ. ಒಳಗಿದ್ದ ಹಾವು ಹೊರಬಿದ್ದಿದೆ, ಔಷಧ ಹತ್ತಿದೆ ಎಂದು ಹೇಳಿ ಮತ್ತೆರಡು ಸಲ ಬಳಿದೆ. ಗೆರೆ ಹಿಮ್ಮಡಿಯನ್ನು ಬಳಸಿತು. ಪ್ರಮಿಳಾ ಊಟ ಬಿಟ್ಟಳು. ತಲೆಗೂ ಬಾಲಕ್ಕೂ ನಡುವೆ ಇನ್ನು ನಾಲ್ಕೇ ಬೆರಳು ಉಳಿದಿದೆಯೆಂದು ರೇಣವ್ವ ಬಂದು ಹೇಳಿದಳು. ನನ್ನ ಮಾತು ನಂಬಿ ಆ ಮನೆಯವರು ದಿನಾ ಬೆರಳಿಟ್ಟು ಅಳೆಯುತ್ತಿದ್ದರು.

ಅದೇ ವಾರ ನನ್ನ ಅಂಗಾಲಲ್ಲೂ ಒಂದು ಹಾವು ಎದ್ದಿತು. ತುರಿಕೆಯಂತೂ ಹೇಳತೀರದು. ನನ್ನದೇ ಮಣ್ಣು ಹಚ್ಚಿಕೊಳ್ಳಬಹುದಿತ್ತಲ್ಲ? ಹಚ್ಚಿಕೊಳ್ಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಹೆಂಡತಿ ಕಾಂತಾಗೆ ಸಾಲಿ ಕೆಲಸವೆಂದು ಸುಳ್ಳು ಹೇಳಿ, ಖಾನಾಪುರದಲ್ಲಿ ಬಸ್ಸು ಬದಲಿಸಿ, ಬೆಳಗಾವಿಯ ಹಿಂದವಾಡಿಯಲ್ಲಿ ಚರ್ಮದ ಡಾಕ್ಟರ್ ಪೂರ್ಣಿಮಾ ಅವರ ದವಾಖಾನೆಯಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತೆ.

ಅವರು ಕಾಲು ನೋಡಿದವರೇ, ಇದು ನಾಯಿಯ ಹೊಟ್ಟೆಯ ಹುಳದ ಮರಿ ಎಂದರು. ನಾಯಿ ಹೊಲಸು ಮಾಡಿದ ಹಸಿ ಮಣ್ಣಿನಿಂದ ಚರ್ಮಕ್ಕೆ ಹೊಕ್ಕು, ಒಳಗೆ ಹೋಗಲು ಹಾದಿ ಸಿಗದೆ ಅಲ್ಲೇ ಅಲೆಯುತ್ತದಂತೆ. ಗುಳಿಗೆಗೆ ಬೇಗ ಸಾಯುತ್ತದೆ, ಬಿಟ್ಟರೆ ವಾರಗಟ್ಟಲೆ ಕಾಡಿ ತಾನೇ ಸಾಯುತ್ತದೆ, ಜೀವಕ್ಕೆ ಏನೂ ಇಲ್ಲ. ನಾಯಿಗಳಿರುವ ಕಡೆ ಮಣ್ಣು ಮುಟ್ಟಿದ್ದೀರಾ ಎಂದು ಕೇಳಿದರು. ಗುಡಿ ಹಿಂದಿನ ತಗ್ಗಿನಲ್ಲಿ ಓಣಿಯ ನಾಯಿಗಳೆಲ್ಲ ಮಲಗುತ್ತವೆ. ಅವುಗಳನ್ನು ಎಬ್ಬಿಸಿ ಓಡಿಸಿಯೇ ನಾನು ಔಷಧ ತೆಗೆಯುತ್ತಿದ್ದೆ.

ಪ್ರಮಿಳಾಳ ಕಾಲಿನ ಹಾವು ನಾನು ಬಳಿದದ್ದು. ಸುಮ್ಮನಿದ್ದರೆ ಹುಳ ಎಂದಾದರೂ ತಾನೇ ಸಾಯುತ್ತದೆ, ವಾಸಿ ಮಾಡಿದ ಹೆಸರು ನನಗೇ ಬರುತ್ತದೆ. ನಾಚಿಕೆಯಿಲ್ಲದೆ ಖಾನಾಪುರದವರೆಗೂ ಇದನ್ನೇ ಯೋಚಿಸುತ್ತ ಬಂದೆ. ಆಮೇಲೆ ಆ ನಾಲ್ಕು ಬೆರಳು ನೆನಪಾಯಿತು.

ಬಸ್ಸಿಳಿದು ನೇರ ಅವರ ಮನೆಗೆ ಹೋದೆ. ಪ್ರಮಿಳಾ ಕಟ್ಟೆಯ ಮೇಲೆ ಕಾಲು ಮುಚ್ಚಿಕೊಂಡು ಕೂತಿದ್ದಳು. ಅವಳ ಎರಡು ವರ್ಷದ ಮಗಳು ರೇಣವ್ವನ ಸೊಂಟದ ಮೇಲಿದ್ದಳು. ಮುಂದೆ ಅಜ್ಜಿಯ ಕೈಯಲ್ಲಿ ಬೆಳೆಯಬೇಕಲ್ಲ, ಈಗಲೇ ರೂಢಿಯಾಗಲಿ ಎಂದು ಪ್ರಮಿಳಾ ಮಗುವನ್ನು ಹತ್ತಿರ ಸೇರಿಸುತ್ತಿಲ್ಲವೆಂದು ರೇಣವ್ವ ಸಣ್ಣಗೆ ಹೇಳಿದಳು. ನಾನು ಪ್ರಮಿಳಾಳ ಹತ್ತಿರ ಹೋದೆ.

"ಯವ್ವಾ, ಅದು ಹಾವಲ್ಲ, ನಾಯಿ ಹುಳ. ಮಣ್ಣಿನ ಕೂಡ ನಿನ್ನ ಕಾಲಿಗೆ ಹಚ್ಚಿದಾಂವ ನಾನ. ತಲಿ-ಬಾಲದ ಮಾತು ಸುಳ್ಳು. ನಾಳೆ ಬೆಳಗಾವಿಗೆ ಹೋಗೂಣು, ಗುಳಿಗಿ ಕೊಡತಾರ," ಎಂದೆ.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವಳು ಬೈಯಲಿಲ್ಲ.

"ಹಂಗಾರ ನಾ ಸಾಯಂಗಿಲ್ಲೇನ್ರಿ, ಕಾಕಾ?"

ಇಲ್ಲವೆಂದೆ. ಈ ಸಲ ಧ್ವನಿ ದಪ್ಪಗಾಗಲಿಲ್ಲ. ಅವಳು ಎರಡೂ ಕೈ ಚಾಚಿ ಮಗಳನ್ನು ಕರೆದಳು. ಮಗು ಅಜ್ಜಿಯ ಕುತ್ತಿಗೆ ಬಿಡಲಿಲ್ಲ.