ಚಿಕ್ಕತಾಯಮ್ಮ ನಂಬದ ಬೆಳಕು

ಮದ್ದೂರಿನಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದ ದಿನ, ಮನೆ ಒಡತಿ ಚಿಕ್ಕತಾಯಮ್ಮ ಕುಡಿಯಲು ನೀರು ಕೊಡುವ ಮೊದಲೇ ನನ್ನ ಬ್ಯಾಗು ಬಿಚ್ಚಿಸಿ ನೋಡಿದರು.

"ಮಂಡ್ಯದ ಆಸ್ಪತ್ರೇಲಿ ಏನ್ ಕೆಲ್ಸ ನಿಂದು?"

"ನರ್ಸ್ ಅದೀನ್ರಿ. ಕರುಳಿನೊಳಗ ಕ್ಯಾಮೆರಾ ಬಿಟ್ಟು ನೋಡೂ ಕೋಣ್ಯಾಗ."

"ಎಲ್ಲಿಂದ ಬುಡ್ತೀರಿ?"

ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ದಿನಾ ಕೈಕಾಲ್ ತೊಳ್ಕಂಡೇ ಒಳೀಕ್ ಬರ್ಬೇಕು ಕಣಮ್ಮ."

ಬಿಜಾಪುರದ ಕಡೆಯ ನಮ್ಮ ಸಿಂದಗಿಯಲ್ಲಿ ಜಗಳಕ್ಕೆ ನಿಂತರೂ ಮಾತಿನ ಕೊನೆಗೆ 'ರೀ' ಇರುತ್ತದೆ. ಇಲ್ಲಿ ಅಕ್ಕರೆಗೂ ಗದರಿಕೆಗೂ ಒಂದೇ ದನಿ. ನಮ್ಮ ಜೋಳದ ರೊಟ್ಟಿಯನ್ನು ಅಗಿಯಬೇಕು. ಇಲ್ಲಿನ ರಾಗಿಮುದ್ದೆಯನ್ನು ಬಸ್ಸಾರಿನಲ್ಲಿ, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರಿನಲ್ಲಿ, ಅದ್ದಿ ನುಂಗಬೇಕು. ನಾನು ಅಗಿದೆ. ಚಿಕ್ಕತಾಯಮ್ಮ ಸೊಸೆಯನ್ನು ಕರೆದು ತೋರಿಸಿದರು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ರಜೆಯಲ್ಲಿ ಕೋಣೆಯಲ್ಲಿ ಕೂತರೆ ಆಕೆ ಗಳಿಗೆಗೊಮ್ಮೆ ನನ್ನ ಕಿಟಕಿ ಹಾದು ಹಿತ್ತಲಿಗೆ ಹೋಗುತ್ತಿದ್ದರು. ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸಿ ಕಿಟಕಿಗೆ ದುಪ್ಪಟಿ ಕಟ್ಟಿದೆ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ, ಒಗೆಯುವ ಕಲ್ಲಿನ ಮೇಲೆ ಲಂಗ ತಿಕ್ಕುತ್ತಿದ್ದರು. ನೀರು ಕೆಂಪಾಗಿತ್ತು.

"ಮೂಲವ್ಯಾಧಿ ಕಣಮ್ಮ, ನಾಕ್ ವರ್ಸದಿಂದ. ಸೊಸೆಗ್ ಯೋಳ್ಬ್ಯಾಡ."

ಅವರು ಹಾದುಹೋಗುತ್ತಿದ್ದುದು ಕಕ್ಕಸಿಗೆ. ಅಂದೇ ದುಪ್ಪಟಿ ಬಿಚ್ಚಿದೆ.

ಆಸ್ಪತ್ರೆಗೆ ಕರೆದೊಯ್ಯಲು ಒಂದು ತಿಂಗಳು ಹಿಡಿಯಿತು. ಅದು ಮೂಲವ್ಯಾಧಿಯಲ್ಲ, ದೊಡ್ಡ ಕರುಳಿನ ಒಳಪದರದ ಉರಿಯೂತ. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ರಕ್ತ ನಿಂತಿತು. "ಇನ್ ಮಾತ್ರೆ ಸಾಕು" ಎಂದರು ಚಿಕ್ಕತಾಯಮ್ಮ. ಕೊನೆಯದಾಗಿ ಒಮ್ಮೆ ಕ್ಯಾಮೆರಾ ಬಿಟ್ಟು ನೋಡಿಸೋಣವೆಂದು ಒಪ್ಪಿಸಿದೆ. ಆದರೆ ಮತ್ತು ಬರಿಸುವ ಇಂಜೆಕ್ಷನ್ ಬೇಡವೇ ಬೇಡವೆಂದರು.

"ಮಲಗ್ಸ್ಬುಟ್ಟು ಏನ್ ಮಾಡೀರೋ. ನಾನೇ ನೋಡ್ತೀನಿ."

ಎಡಕ್ಕೆ ಮಗ್ಗುಲಾಗಿ, ಹಲ್ಲು ಕಚ್ಚಿ, ಪರದೆ ನೋಡುತ್ತಿದ್ದರು. ಕರುಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ವಾಸಿ ಆಗೈತಲ್ಲ!" ಅಂದರು. ಆಗ ಡಾಕ್ಟರು ಒಂದು ಗುಂಡಿ ಒತ್ತಿದರು. ಬಿಳಿ ಬೆಳಕು ಹೋಗಿ ನೀಲಿ-ಹಸಿರು ಬಂತು. ಚಿತ್ರ ಹಲವು ಪಟ್ಟು ಹಿಗ್ಗಿತು. ಈ ಬೆಳಕಿನಲ್ಲಿ ಒಳಪದರದ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಅವು ಸಿಕ್ಕುಬಿದ್ದ ದಾರದಂತೆ ತಿರುಚಿಕೊಂಡಿದ್ದವು.

"ಇನ್ನೂ ಆರಿಲ್ಲ. ಮಾತ್ರೆ ನಿಲ್ಲಿಸಬಾರದು" ಎಂದರು ಡಾಕ್ಟರು.

"ಬಣ್ಣ ಬದ್ಲಾಯ್ಸಿ ರೋಗ ತೋರುಸ್ತೀರಾ? ಇದು ಮಾತ್ರೆ ಮಾರೋ ಬೆಳಕು!" ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. "ನೀ ಯೋಳಮ್ಮ. ನಿಮ್ಮವ್ವನ್ ವಟ್ಟೆ ಆಗಿದ್ರೆ?"

ನಿಜ ಹೇಳುತ್ತೇನೆ, ಆ ಗುಂಡಿಯ ಮೇಲೆ ನನಗೂ ಅನುಮಾನವಿತ್ತು. ಅದನ್ನು ಒತ್ತಿದಾಗಲೆಲ್ಲ ಔಷಧದ ಚೀಟಿ ಉದ್ದವಾಗುವುದನ್ನು ಕಂಡಿದ್ದೆ. ಅಳುಕುತ್ತಲೇ ಕೇಳಿದೆ: "ಸರ್, ರೋಗ ಮುಟ್ಟದ ಮೇಲಿನ ಭಾಗವನ್ನೂ ಇದೇ ಬೆಳಕಿನಲ್ಲಿ ತೋರಿಸ್ತೀರಾ?"

ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ಕೊಳವೆ ಮುಂದೆ ಸರಿಸಿದರು. ಅಲ್ಲಿ ರಕ್ತನಾಳಗಳು ಜೇನುಗೂಡಿನಂತೆ ಅಚ್ಚುಕಟ್ಟಾಗಿದ್ದವು.

"ಅಲ್ಲೂ ಅದೇ ಬೆಳಕಾ?"

"ಅದೇ ಬೆಳಕು ರೀ" ಎಂದೆ.

ಕರುಳಿನ ಚೂರು ತೆಗೆದು ಕಳಿಸಿದ ಪರೀಕ್ಷೆಯೂ ಉರಿಯೂತ ಉಳಿದಿದೆ ಎಂದಿತು. ಈಗ ಚಿಕ್ಕತಾಯಮ್ಮ ಮಾತ್ರೆ ನುಂಗುತ್ತಾರೆ, ಪ್ರತಿ ಮಾತ್ರೆ ಪಟ್ಟಿಯ ಅವಧಿ ಮುಗಿಯುವ ತಾರೀಖನ್ನು ನನ್ನಿಂದ ಓದಿಸಿದ ಮೇಲೆ.

ಕಳೆದ ವಾರ ರಜೆಗೆ ಸಿಂದಗಿಗೆ ಬಂದೆ. ಅವ್ವನ ಎದುರು ಊಟಕ್ಕೆ ಕೂತಾಗ ಫೋನು ಬಂತು.

"ಯಾವಾಗ್ ಬತ್ತೀಯ? ನೀನಿಲ್ದೆ ಆ ಡಾಕ್ಟ್ರ ಎಂಗ್ ನಂಬ್ಲಿ?"

"ಬುಧವಾರ ಬತ್ತೀನಿ, ಸುಮ್ನಿರಿ" ಎಂದು ಮದ್ದೂರಿನ ದನಿಯಲ್ಲೇ ಗದರಿ ಫೋನು ಇಟ್ಟೆ.

ಅವ್ವ ರೊಟ್ಟಿ ಮುರಿಯುವುದು ಬಿಟ್ಟು ನನ್ನನ್ನೇ ನೋಡಿದಳು. "ಯಾರಕಿ? ಅಕಿ ಕೂಡ ಹಂಗ್ಯಾಕ ಮಾತಾಡ್ದಿ?"

"ಮನಿ ಮಾಲಕ್ರು, ಅವ್ವಾ, ಅಷ್ಟ."

ಅವ್ವ ನಂಬಲಿಲ್ಲ.