ಪಾಯದ ಮೇಲೆ ಕಾಯಿ ರಾಶಿ

ತೋಟದಲ್ಲಿ ಕಾಯಿ ಇಳಿಸಿದರೆಂದರೆ ನಾನೂ ಅಮ್ಮನೂ ಚಾಪೆ ಸುತ್ತಲು ಶುರು ಮಾಡುತ್ತಿದ್ದೆವು. ನಾವಿದ್ದದ್ದು ಊರಿನ ತೋಟದವರೊಬ್ಬರ ಕೊಬ್ಬರಿ ಶೆಡ್ಡಿನಲ್ಲಿ. ಮೇಲೆ ಅಟ್ಟದಲ್ಲಿ ಕಾಯಿ ಒಣಗುತ್ತಿತ್ತು, ಕೆಳಗೆ ನಮ್ಮ ಸಂಸಾರ. ಅಮ್ಮ ಅವರಿಗೇ ಕಾಯಿ ಸುಲಿಯುತ್ತಿದ್ದುದರಿಂದ ಬಾಡಿಗೆ ಇರಲಿಲ್ಲ. ಆದರೆ ಅಟ್ಟ ತುಂಬಿದ ಮೇಲೆ ಮಿಕ್ಕ ಕಾಯಿ ಕೆಳಗೆ ಸುರಿಯುತ್ತಿದ್ದರು. ಆಗ ಮನೆ ಕಾಯಿಗೆ, ಜಗುಲಿ ನಮಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಮಾತ್ರ ಏನೂ ಆಗದವಳಂತೆ ಜಗುಲಿ ಗುಡಿಸಿ ಹಾಸಿಗೆ ಹಾಸುತ್ತಿದ್ದಳು.

ಹೋದ ವರ್ಷ ಶೆಡ್ಡು ಕೆಡವುತ್ತೇವೆ, ಯುಗಾದಿಯೊಳಗೆ ಬೇರೆ ಜಾಗ ನೋಡಿಕೊಳ್ಳಿ ಎಂದರು. ಎಲ್ಲಿಗೆ ಹೋಗುವುದು? ಪುಣ್ಯಕ್ಕೆ ಪಂಚಾಯ್ತಿಯಿಂದ ಊರಾಚೆ ಒಂದು ಸೈಟು ಸಿಕ್ಕಿತು, ಅಮ್ಮನ ಹೆಸರಿಗೆ ಸರ್ಕಾರದ ಮನೆಯೂ ಮಂಜೂರಾಯಿತು. ಹೇಗೋ ಪಾಯ ಹಾಕಿಸಿದೆವು. ಪಾಯದ ಫೋಟೊ ಮೇಲಿನ ಆಫೀಸಿಗೆ ಹೋದರೆ ಮಾತ್ರ ಗೋಡೆಗೆ ದುಡ್ಡು ಬರುತ್ತದೆ. ಗೋಡೆ ಏಳದಿದ್ದರೆ ಯುಗಾದಿಗೆ ನಾವು ಬೀದಿಗೆ.

ಫೋಟೊ ತೆಗೆಯುವ ಇಂಜಿನಿಯರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದರು. ನಾವು ಓಡಿ ಹೋಗಿ ನೋಡಿದರೆ ಪಾಯವೇ ಕಾಣದು, ಬರೀ ಕಾಯಿ ರಾಶಿ! ಹಿಂದಿನ ಸಂಜೆ ಮಳೆ ಹನಿದಾಗ ಪಕ್ಕದ ತೋಟದ ಅಜ್ಜಿ ಕಾಯಿ ಹಾಕಲು ನೀರು ನಿಲ್ಲದ ಜಾಗ ಕೇಳಿದ್ದರು, ಅಮ್ಮ ಹೂಂ ಅಂದಿದ್ದಳು. ನಮ್ಮ ಸೀಮೆಯವರೇ ಹಾಗೆ, ಒಂದು ಮೊಳ ಎತ್ತರದ ನೆಲ ಕಂಡರೆ ಕಾಯಿ ಸುರಿಯದೆ ಬಿಡುವುದಿಲ್ಲ.

"ಪಾಯ ಎಲ್ರೀ? ಕಾಯಿ ಮಂಡಿ ಕಟ್ಟಿದೀರಲ್ಲ," ಎಂದರು ಇಂಜಿನಿಯರು. "ನಾನು ಅರಳಗುಪ್ಪೆ ಕಡೆ ಹೋಗ್ಬೇಕು. ಇನ್ನೊಂದ್ಸಲ ನೋಡಾಣ ಬುಡಿ."

"ನಿಂಗೆ ಬುದ್ಧಿ ಐತಾ ಅಮ್ಮಾ? ನಮ್ ಪಾಯಾನೂ ಕಾಯಿಗೇ ಕೊಟ್ಯಲ್ಲ!" ಎಂದು ಕಿರುಚಿದೆ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೂಗಾಡಿದ್ರೆ ಕಾಯಿ ಎದ್ದು ಹೋಯ್ತವೇನೇ? ಹೋಗಿ ಸಾಹೇಬ್ರಿಗೊಂದು ಎಳನೀರು ಕೊಚ್ಚು," ಎಂದವಳೇ ಬೀದಿಯವರನ್ನೆಲ್ಲ ಕೂಗಿದಳು.

ಬೀದಿಗೆ ಬೀದಿಯೇ ಬಂತು. ಕೈಯಿಂದ ಕೈಗೆ ಕಾಯಿ ದಾಟತೊಡಗಿದವು. ಅಜ್ಜಿ ನಾಚಿಕೆ ಮರೆಸಲು ಎಲ್ಲರಿಗಿಂತ ಜೋರಾಗಿ ಅಪ್ಪಣೆ ಕೊಡುತ್ತಿದ್ದರು. ಎಳನೀರು ಮುಗಿಸಿದ ಇಂಜಿನಿಯರು ತಾವೂ ಸಾಲಿನಲ್ಲಿ ನಿಂತರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಪಾಯ ಕಂಡಿತು. "ನಡುವೆ ನಿಂತ್ಕೊಳಮ್ಮ," ಎಂದರು ಇಂಜಿನಿಯರು. ಅಮ್ಮ ನಿಲ್ಲಲಿಲ್ಲ, ಕಾಲು ಚಾಚಿ ಕೂತೇಬಿಟ್ಟಳು. ಫೋಟೊ ಹಾಗೇ ಹೋಯಿತು.

ಗೋಡೆ ಎದ್ದಿತು, ಸೂರು ಏರಿತು, ಯುಗಾದಿಯ ಒಬ್ಬಟ್ಟು ನಮ್ಮ ಒಲೆಯ ಮೇಲೇ ಬೆಂದಿತು. ನನಗೆ ಖುಷಿಗೆ ಕಣ್ಣು ತುಂಬಿತ್ತು. ಅಷ್ಟರಲ್ಲಿ ಪಕ್ಕದ ತೋಟದ ಅಜ್ಜಿ ಉಡುಗೊರೆಯೆಂದು ಒಂದು ಚೀಲ ಕಾಯಿ ಹೊರಿಸಿಕೊಂಡು ಬಂದು, ನಡುಮನೆಯಲ್ಲಿ ಇಳಿಸಲು ಹೊರಟರು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕಾಯಿ ಜಗುಲಿ ಮೇಲೆ ಮಡಗ್ಸಜ್ಜಿ," ಎಂದಳು ನಗುತ್ತಾ. "ಒಳಗೆ ನಾವಿದೀವಿ."