ಹದ್ದಿನ ಗೂಡಿನ ಜರಿ ಪಟ್ಟಿ

ಅಥವಾ ಆ ಜರಿ ಪಟ್ಟಿಯನ್ನು ನಾನು ಕಣ್ಣಾರೆ ಕಂಡೇ ಇಲ್ಲವೇನೋ. ರಹಮತ್ ಹೇಳಿದ್ದನ್ನೇ ಕಂಡದ್ದೆಂದು ಇಷ್ಟು ವರ್ಷ ನಂಬಿಕೊಂಡು ಬಂದಿರಬಹುದು. ತೊಂಬತ್ತೇಳೋ ತೊಂಬತ್ತೆಂಟೋ ಇಸವಿ; ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ಒಂದು ವಿದ್ಯುತ್ ಸೆಕ್ಷನ್ನಿಗೆ ನಾನು ಜೂನಿಯರ್ ಇಂಜಿನಿಯರ್. ಇಷ್ಟು ಖಚಿತ.

ಒಂದು ಬೆಳಿಗ್ಗೆ ಹನ್ನೊಂದು ಕೆ.ವಿ. ಫೀಡರ್, ಅಂದರೆ ಹಳ್ಳಿಗಳಿಗೆ ಕರೆಂಟ್ ಒಯ್ಯುವ ಮುಖ್ಯ ಲೈನ್, ಟ್ರಿಪ್ ಆಗಿ ಕರೆಂಟ್ ಹೋಯಿತು. ಲೈನ್‌ಮನ್ ರಹಮತ್ ಕಾರಣ ಹುಡುಕಿಕೊಂಡು ಹೋದ. ಅವನ ಹೆಸರು ಬಡ್ತಿಯ ಪಟ್ಟಿಯಲ್ಲಿತ್ತು. ಬಡ್ತಿಯಾದರೆ ಹೆಂಡತಿ ಮಕ್ಕಳಿದ್ದ ತುಮಕೂರಿಗೇ ವರ್ಗ. ಮಧ್ಯಾಹ್ನ ಯಾವುದೋ ಅಂಗಡಿಯಿಂದ ಫೋನ್ ಮಾಡಿದ.

"ಸಾರ್, ಕಂಬದ್ ಮೇಲೆ ಹದ್ದಿನ ಗೂಡು. ಗೂಡ್ ತುಂಬಾ ಬಿಳೀ ಪ್ಲಾಸ್ಟಿಕ್ ಚೂರು ಹಾಸೈತೆ. ಒಂದ್ ಜರಿ ಪಟ್ಟಿ ತಂದು ಇಳೇಬಿಟ್ಟೈತೆ, ವೈರಿಗೆ ತಾಗೈತೆ. ಮದ್ವೆಮನೆ ಇದ್ದಂಗೈತೆ ಸಾರ್!"

"ಕಿತ್ತಾಕಿ ಲೈನಿಗೆ ಕರೆಂಟ್ ಬಿಡಯ್ಯ, ಕತೆ ಆಮೇಲೆ."

ಕಿತ್ತ. ಸುಟ್ಟೂ ಹಾಕಿದ. ಕೆಳಗೆ ಬಿಟ್ಟರೆ ಹಕ್ಕಿ ಅದನ್ನೇ ಮತ್ತೆ ಹೊತ್ತೊಯ್ಯುತ್ತದೆಂದು ಗೂಡು ಸುಡುವುದು ನಮ್ಮ ಪದ್ಧತಿ. ನಾನು ಹೋದಾಗ ಬೂದಿಯಲ್ಲಿ ಏನೋ ಮಿನುಗುತ್ತಿತ್ತು. ಮಿನುಗುತ್ತಿತ್ತೇ?

ಸಂಜೆ ತುಮಕೂರಿನಿಂದ ಮೇಲಧಿಕಾರಿ ಬಂದು ಲಾಗ್ ಬುಕ್ ತೆರೆದರು. ಕಾರಣದ ಕಾಲಂನಲ್ಲಿ 'ಹಕ್ಕಿ ಗೂಡು'. ಹಿಂದಿನ ಟ್ರಿಪ್ಪಿಗೂ 'ಹಕ್ಕಿ ಗೂಡು', ಅದರ ಹಿಂದಿನದಕ್ಕೂ. ಲೈನಿನುದ್ದಕ್ಕೂ ನಡೆದು ಕಾರಣ ಹುಡುಕದ ದಿನ ಹಾಗೆ ಬರೆದುಬಿಡುವುದು ನಮ್ಮಲ್ಲಿ ರೂಢಿ. ಬರೆಯುತ್ತಿದ್ದವನು ರಹಮತ್, ಬರೆಸುತ್ತಿದ್ದವನು ನಾನು.

ರಹಮತ್ ಬೆಳಗಿನ ಗೂಡಿನ ಕತೆ ಹೇಳಿದ. "ಜರಿ ಪಟ್ಟಿನಾ? ಹದ್ದಿಗೇನ್ರೀ ಮದ್ವೇನಾ? ಎಲ್ಲಿ, ತೋರ್ಸಿ" ಎಂದು ಸಾಹೇಬರು ನಕ್ಕರು.

"ಸುಟ್ಬುಟ್ಟೆ ಸಾರ್. ಅಲ್ಲಾನಾಣೆ, ಈ ಸಲ ನಿಜ್ವಾಗ್ಲೂ ಗೂಡೇ ಸಾರ್."

'ಈ ಸಲ' ಅಂದದ್ದೇ ಅವನಿಗೆ ಮುಳುವಾಯಿತು. ಸಾಹೇಬರು ನಗು ನಿಲ್ಲಿಸಿ ಹಳೆಯ ಪುಟಗಳನ್ನು ತಿರುವಿದರು. ಲೈನ್ ತಪಾಸಣೆ ಮಾಡಿಲ್ಲವೆಂದು ಮೆಮೊ ಬಂತು. ಬಡ್ತಿ ನಿಂತಿತು, ತುಮಕೂರೂ ತಪ್ಪಿತು.

ಅವನ ಪರವಾಗಿ ಮೂರು ಸಲ ಪತ್ರ ಬರೆದೆ. ಸಾಕ್ಷ್ಯ ಲಗತ್ತಿಸಿ ಎಂದು ಮೂರೂ ವಾಪಸ್ ಬಂದವು. ಸಾಕ್ಷ್ಯ ಬೂದಿಯಾಗಿತ್ತು, ಸರಿ. ಆದರೆ ಸುಳ್ಳು ಕಾರಣ ಬರೆಸುತ್ತಿದ್ದವನು ನಾನೇ ಎಂಬ ಒಂದು ವಾಕ್ಯ ಆ ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ.

ನಿವೃತ್ತನಾದ ಮೇಲೆ ಕುಣಿಗಲ್ಲಿನ ಜೀವಶಾಸ್ತ್ರದ ಮೇಷ್ಟ್ರೊಬ್ಬರನ್ನು ಕೇಳಿದೆ. "ಬಿಳೀ ಪ್ಲಾಸ್ಟಿಕ್ ಇಡೋದು ನಿಜ. ಈ ಜಾಗ ನಂದು, ನಾನ್ ಗಟ್ಟಿ ಇದೀನಿ ಅಂತ ಬೇರೆ ಹದ್ದುಗಳಿಗೆ ತೋರ್ಸೋಕಂತೆ. ಜರಿ ಯಾಕೋ, ಗೊತ್ತಿಲ್ಲಪ್ಪ" ಎಂದರು.

ಕಂಡದ್ದನ್ನಷ್ಟೇ ಬರೆ, ಕಾಣದಿದ್ದರೆ ಕಾಲಂ ಖಾಲಿ ಬಿಡು: ಕೆಲಸ ಕಲಿಸಿದ ಪಾಠ ಇದು, ತಡವಾಗಿ. ಆ ಲೆಕ್ಕದಲ್ಲಿ ಜರಿಯ ಕಾಲಂ ಇವತ್ತಿಗೂ ಖಾಲಿ. ನಾನು ಆ ವಾಕ್ಯ ಬರೆದಿದ್ದರೆ ರಹಮತ್ ತುಮಕೂರಿಗೆ ಹೋಗುತ್ತಿದ್ದನೇ, ಅದೂ ನನಗೆ ಗೊತ್ತಿಲ್ಲ.